ಒಂಬತ್ತನೇ ಕೋಣೆಯ ಬಾಗಿಲಕ್ಕ

ಬೆಳಗಿನ ಆರೂವರೆ. ಆಸ್ಪತ್ರೆಯ ಹೊರರೋಗಿಗಳ ವಿಭಾಗದ ಉದ್ದನೆಯ ಪಡಸಾಲೆಯಲ್ಲಿ ಫಿನಾಯಿಲ್ ವಾಸನೆ ಇನ್ನೂ ಆರಿಲ್ಲ. ನೀಲಿ ಮೇಲಂಗಿ ತೊಟ್ಟ ಹೆಂಗಸೊಬ್ಬರು ಕಬ್ಬಿಣದ ಬೆಂಚೊಂದನ್ನು ದರದರ ಎಳೆಯುತ್ತಿದ್ದಾರೆ. ಎಂಟನೇ ಕೋಣೆಯ ಮುಂದಿನ ಬೆಂಚು ಒಂದಿಷ್ಟು ಇತ್ತ, ಒಂಬತ್ತನೇ ಕೋಣೆಯ ಮುಂದಿನದು ಒಂದಿಷ್ಟು ಅತ್ತ. ಎರಡೂ ನಡುಗೋಡೆಯ ಹತ್ತಿರ ಒಂದಕ್ಕೊಂದು ತಾಗಿ ನಿಂತ ಮೇಲೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಸಮಾಧಾನವಾಗುವುದಿಲ್ಲ. ಮತ್ತೆ ನಾಲ್ಕು ಬೆರಳಿನಷ್ಟು ತಳ್ಳುತ್ತಾರೆ.

ಎಂಟನೆಯದು ಕಣ್ಣಿನ ವಿಭಾಗ. ಒಂಬತ್ತನೆಯದು ಮನಸ್ಸಿನದು. ಬೆಂಚಿನ ಮೇಲೆ ಕೂತವರು ಯಾವ ಕೋಣೆಗೆ ಬಂದವರೆಂದು ಹಾದುಹೋಗುವ ಯಾರಿಗೂ ಗೊತ್ತಾಗಬಾರದು. ಅದನ್ನು ನೋಡಿಕೊಳ್ಳುವುದು ಇವರ ದಿನದ ಮೊದಲ ಕೆಲಸ.

ನನಗೂ ಗೊತ್ತಾಗಲಿಲ್ಲ. ಮೊದಲ ದಿನ ನಾನು ಬೆಂಚಿನ ತುದಿಯಲ್ಲಿ ಕೂತಾಗ ಅವರು ಬಂದು, ಬಗ್ಗಿ, ಕಿವಿಯ ಹತ್ತಿರ ಕೇಳಿದರು: "ಕಣ್ಣಾ? ನಮ್ದಾ?"

ಪತ್ರಿಕೆಗೆ ಬರೆಯಲು ಬಂದಿದ್ದ ನಾನು ತಬ್ಬಿಬ್ಬಾಗಿ "ಪೇಪರ್" ಎಂದೆ.

"ಅದಕ್ಕೆ ಇಲ್ಲಿ ರೂಮಿಲ್ಲ. ಹನ್ನೆರಡರಲ್ಲಿ ಕೇಳಿ, ಕಿವಿ ಮೂಗು ಗಂಟಲು" ಎನ್ನುತ್ತಾ ಅವರು ಮುಂದಿನವರ ಹತ್ತಿರ ಹೋದರು.

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಬಾಗಿಲಕ್ಕ ಎಂದು. ಹುದ್ದೆ ಅಟೆಂಡರ್. ವಯಸ್ಸು ಐವತ್ತೊಂಬತ್ತು. ಇಪ್ಪತ್ತೆರಡು ವರ್ಷದಿಂದ ಒಂಬತ್ತನೇ ಕೋಣೆಯ ಬಾಗಿಲು ಕಾಯುತ್ತಿದ್ದಾರೆ. ಸೋಮವಾರ, ಬುಧವಾರ, ಶುಕ್ರವಾರ ಡಾಕ್ಟರು ಕೂರುತ್ತಾರೆ. ಉಳಿದ ದಿನ ಫೈಲು ಜೋಡಿಸುವುದು, ಬರದೇ ಉಳಿದವರಿಗೆ ಫೋನ್ ಮಾಡುವುದು. ಕೋಣೆ ತೆರೆದ ದಿನ ನಲವತ್ತರ ಆಸುಪಾಸು ಜನ ಬರುತ್ತಾರೆ. ಅವರಲ್ಲಿ ಹೊಸಬರು ಒಬ್ಬರೋ ಇಬ್ಬರೋ. ಹೆಸರು ಕೂಗಿದರೆ ಎದ್ದು ಬರುವವರು ಮೂರೋ ನಾಲ್ಕೋ.

"ಹೆಸರು ಕೂಗಿದ್ರೆ ಅವರೂ ಸುತ್ತ ತಿರುಗಿ ನೋಡ್ತಾರೆ, ಯಾರಪ್ಪಾ ಅದು ಅಂತ!" ಬಾಗಿಲಕ್ಕ ನಗುತ್ತಾರೆ. "ಪಕ್ಕದ ಬೀದಿಯವರು ಕಣ್ಣು ತೋರಿಸೋಕೆ ಬಂದಿರ್ತಾರಲ್ಲ. ಅವರ ಮುಂದೆ ಹೇಗೆ ಏಳ್ತಾರೆ ಪಾಪ."

ಹಾಗಾಗಿ ಕೂಗುವುದನ್ನು ಎಂದೋ ಬಿಟ್ಟಿದ್ದಾರೆ. ಬೆಂಚಿನ ಉದ್ದಕ್ಕೂ ನಡೆದು, ಮುಖ ನೋಡಿ, ಬಗ್ಗಿ ಕೇಳುತ್ತಾರೆ. ಹೇಗೆ ಗುರುತು ಹಿಡಿಯುತ್ತೀರಿ ಎಂದರೆ ಅವರ ಹತ್ತಿರ ಉತ್ತರವಿದೆ. "ಕಣ್ಣಿನವರು ಗೋಡೆ ನೋಡ್ತಾರೆ, ನಮ್ಮವರು ನೆಲ ನೋಡ್ತಾರೆ. ಕಣ್ಣಿನವರು ಇನ್ನೂ ಎಷ್ಟೊತ್ತು ಅಂತ ಜಗಳಕ್ಕೆ ಬರ್ತಾರೆ. ನಮ್ಮವರು ಬೇಗ ಕರೆದ್ರೇ ಗಾಬರಿಯಾಗ್ತಾರೆ." ಇಷ್ಟು ಹೇಳಿ, "ಆದ್ರೂ ತಪ್ಪುತ್ತೆ" ಎಂದು ಸೇರಿಸುತ್ತಾರೆ.

ತಪ್ಪಿದ್ದರಲ್ಲಿ ಒಂದು ಕಥೆಯನ್ನು ಆಸ್ಪತ್ರೆಯವರೆಲ್ಲ ಹೇಳುತ್ತಾರೆ. ಹನ್ನೊಂದು ವರ್ಷದ ಹಿಂದಿನ ಮಾತು. ಲಾರಿ ಓಡಿಸುವವನೊಬ್ಬ ಲೈಸೆನ್ಸ್ ನವೀಕರಣಕ್ಕೆ ಕಣ್ಣಿನ ಸರ್ಟಿಫಿಕೇಟ್ ಬೇಕೆಂದು ಬಂದು ಕೂತಿದ್ದ. ತಲೆ ಎತ್ತದೆ ನೆಲವನ್ನೇ ನೋಡುತ್ತಿದ್ದ. ಬಾಗಿಲಕ್ಕ ನಮ್ಮವನೇ ಎಂದುಕೊಂಡು ಕೈಹಿಡಿದು ಎಬ್ಬಿಸಿ ಒಳಗೆ ಬಿಟ್ಟರು. ಆಗಿದ್ದ ಹಿರಿಯ ಡಾಕ್ಟರು ಮೊದಲು ಕೇಳಿದ್ದು "ನಿದ್ದೆ ಹೇಗೆ ಬರುತ್ತೆ?" ಎಂದು. ಕಣ್ಣಿನ ಡಾಕ್ಟರು ನಿದ್ದೆ ಕೇಳುವುದು ಸಹಜವೇ ಎಂದುಕೊಂಡ ಅವನು, ಬರುವುದಿಲ್ಲ ಎಂದ. ಯಾಕೆ ಎಂದರು. ಎಂಟು ತಿಂಗಳ ಹಿಂದೆ ಅವನ ಲಾರಿಯ ಮುಂದೆ ಒಬ್ಬರು ಎಡವಿ ಬಿದ್ದಿದ್ದರು. ತಪ್ಪು ಅವನದಲ್ಲವೆಂದು ಪೊಲೀಸರೇ ಬರೆದುಕೊಟ್ಟಿದ್ದರು. ಆದರೆ ಕಣ್ಣು ಮುಚ್ಚಿದರೆ ಅದೇ ಕಾಣುತ್ತಿತ್ತು. ನಲವತ್ತು ನಿಮಿಷ ಮಾತಾಡಿ, ಅತ್ತು, ಹೊರಗೆ ಬಂದವನು ಬಾಗಿಲಕ್ಕನ ಮುಂದೆ ನಿಂತು ಹೇಳಿದನಂತೆ: "ಅಲ್ಲಮ್ಮಾ, ಅಕ್ಷರ ಓದಿಸ್ಲೇ ಇಲ್ವಲ್ಲ?"

"ಕೆಲಸ ಹೋಯ್ತು ಅಂದ್ಕೊಂಡೆ. ಡಾಕ್ಟರು ಹೊರಗೆ ಬಂದ್ರು. ಬೈಯಬೇಕೋ ಬೇಡವೋ ಅವರಿಗೂ ಗೊತ್ತಾಗ್ಲಿಲ್ಲ. ಸುಮ್ನೆ ಟೀ ತರಿಸಿಕೊಟ್ರು."

ಲಾರಿಯವನು ಆಮೇಲೆ ಒಂದು ವರ್ಷ ತಪ್ಪದೆ ಬಂದ. ಇದನ್ನು ಬಾಗಿಲಕ್ಕ ಹೆಮ್ಮೆಯಿಂದ ಹೇಳುವುದಿಲ್ಲ. ಯಾಕೆಂದರೆ ಇನ್ನೊಂದು ಸಲ ಹೀಗೇ ತಪ್ಪಿ ಕರೆದ ಒಬ್ಬರು, "ನಾನೇನು ಹುಚ್ಚನಾ?" ಎಂದು ಪಡಸಾಲೆ ನಡುಗುವಂತೆ ಕೂಗಾಡಿ ದೂರು ಕೊಟ್ಟಿದ್ದರು. ಬೆಂಚಿನ ಮೇಲಿದ್ದ ಆರು ಜನ ಅಂದು ಎದ್ದು ಮನೆಗೆ ಹೋದರು. ಎಚ್ಚರಿಕೆಯ ಪತ್ರ ಇನ್ನೂ ಅವರ ಫೈಲಿನಲ್ಲಿದೆ.

ಬಾಗಿಲಕ್ಕ ಮೊದಲು ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದರು. ಯಾರೂ ಬೇಡವೆನ್ನುತ್ತಿದ್ದ ಒಂಬತ್ತನೇ ಕೋಣೆಯನ್ನು ಕೇಳಿ ಪಡೆದುಕೊಂಡರು. ಕಾರಣ ಅವರ ತಮ್ಮ.

ತಮ್ಮ ಮೋಟಾರಿಗೆ ತಂತಿ ಸುತ್ತುವ ಕೆಲಸ ಕಲಿತಿದ್ದ. ಇಪ್ಪತ್ತಾರನೇ ವಯಸ್ಸಿಗೆ ಅವನಿಗೆ ಯಾರೋ ಮಾತಾಡುವುದು ಕೇಳತೊಡಗಿತು. ಬೀದಿಯಲ್ಲಿ ನಿಂತು ಜಗಳವಾಡಿದ. ಮನೆಯವರು ಹಿಂದಿನ ಕೋಣೆಯಲ್ಲಿ ಇಟ್ಟರು. ಕೇಳಿದವರಿಗೆ, ದೂರದ ಊರಿನಲ್ಲಿ ಕೆಲಸ ಸಿಕ್ಕಿದೆ ಎಂದರು. ಆ ಮಾತನ್ನು ಹೇಳುವ ಜವಾಬ್ದಾರಿ ಅಕ್ಕನದು. ನಾಲ್ಕು ವರ್ಷ ಹೇಳಿದರು. ಒಂದು ದಿನ ಬಂಧುಗಳು ಬಂದು ಕೂತಿದ್ದಾಗ ಒಳಗೆ ಏನೋ ದಡಕ್ಕನೆ ಬಿತ್ತು. ಏನದು ಎಂದಿದ್ದಕ್ಕೆ ಇವರ ಬಾಯಿಂದ "ಬೆಕ್ಕು" ಎಂದು ಬಂತು.

"ಅವರು ಹೋದ ಮೇಲೆ ಬಾಗಿಲು ತೆಗೆದೆ. ತಿಂಗಳುಗಟ್ಲೆ ಮಾತೇ ಆಡಿರ್ಲಿಲ್ಲ ಅವನು. ನನ್ನ ಮುಖ ನೋಡಿ ಕೇಳ್ದ, 'ಬೆಕ್ಕಿಗೆ ಊಟ ಹಾಕಲ್ವಾ ಅಕ್ಕಾ?' ಅಂತ. ನಗಬೇಕೋ ಅಳಬೇಕೋ ತಿಳೀಲಿಲ್ಲ ನನಗೆ. ಇವತ್ತಿಗೂ ತಿಳಿದಿಲ್ಲ."

ಮಾರನೇ ದಿನ ಒಗೆದ ಚಾದರಗಳನ್ನು ವಾರ್ಡಿಗೆ ಕೊಡುವಾಗ ಅಲ್ಲಿನ ನರ್ಸ್ ಹತ್ತಿರ, ಪಕ್ಕದ ಮನೆಯಲ್ಲಿ ಒಬ್ಬ ಹುಡುಗನಿದ್ದಾನೆ, ಅವನಿಗೆ ಹೀಗೀಗೆ ಆಗುತ್ತದೆ, ಏನು ಮಾಡಬೇಕು ಎಂದು ಕೇಳಿದರು. ನರ್ಸ್ ಇವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಪಕ್ಕದ ಮನೆ ಹುಡುಗನ್ನ ನಾಳೇನೇ ಕರ್ಕೊಂಡು ಬಾ" ಎಂದರು. ತಮ್ಮನಿಗೆ ಈಗ ಐವತ್ತಮೂರು. ಮಾತ್ರೆ ನುಂಗುತ್ತಾನೆ, ಮೋಟಾರು ಸುತ್ತುತ್ತಾನೆ. ಕೆಲವು ವಾರ ಏನೂ ಬೇಡವೆನಿಸಿ ಅಂಗಡಿಯ ಷಟರ್ ಎತ್ತುವುದಿಲ್ಲ. ಅವನ ಬಗ್ಗೆ ಬರೆಯಬಹುದೇ ಎಂದು ಅವನನ್ನೇ ಕೇಳಿದೆ. "ಬರೀರಿ ಸಾರ್. ಗಿರಾಕಿ ಕಡಿಮೆಯಾದ್ರೆ ನೀವೇ ಮೋಟಾರು ಸುಟ್ಟುಕೊಂಡು ಬನ್ನಿ" ಎಂದ.

ಬೀದಿಗೆ ಬಂದರೆ ಬಾಗಿಲಕ್ಕನದು ಇನ್ನೊಂದು ನಿಯಮ. ಕೋಣೆಗೆ ಬಂದವರನ್ನು ಹೊರಗೆ ಎಲ್ಲೇ ಕಂಡರೂ ತಾವಾಗಿ ಮಾತಾಡಿಸುವುದಿಲ್ಲ, ಗುರುತೂ ಹಿಡಿಯುವುದಿಲ್ಲ. ತೊಂದರೆಯೆಂದರೆ, ಇಪ್ಪತ್ತೆರಡು ವರ್ಷದಲ್ಲಿ ಕಂಡ ಮುಖಗಳು ಎಷ್ಟೋ ಸಾವಿರ. ಎದುರು ಬಂದವರು ಕೋಣೆಯಲ್ಲಿ ಕಂಡವರೋ, ಬೇರೆ ಪರಿಚಯದವರೋ ನೆನಪಾಗುವುದಿಲ್ಲ. ಹಾಗಾಗಿ ಯಾರನ್ನೂ ಮಾತಾಡಿಸುವುದಿಲ್ಲ. ಒಮ್ಮೆ ತರಕಾರಿ ಮಾರುಕಟ್ಟೆಯಲ್ಲಿ ಓರಗಿತ್ತಿಯನ್ನೇ ನೋಡಿಯೂ ನೋಡದಂತೆ ಹೋಗಿಬಿಟ್ಟರು. "ಮೂರು ತಿಂಗಳು ಮಾತು ಬಿಟ್ಲು. ಜಂಬ ಬಂದಿದೆ ಅಂತ ಮೈದುನನ ಹತ್ರ ಹೇಳಿದಾಳೆ. ಏನಂತ ಹೇಳ್ಲಿ ನಾನು?"

ಕಳೆದ ವರ್ಷದವರೆಗೆ ಒಂಬತ್ತನೇ ಕೋಣೆಯ ಬಾಗಿಲ ಮೇಲೆ ಬರೀ ಒಂದು ಅಂಕಿ ಇತ್ತು. ಹಿರಿಯ ಡಾಕ್ಟರು ನಿವೃತ್ತರಾಗಿ, ಮೂವತ್ತೆರಡರ ಡಾಕ್ಟರಮ್ಮ ಬಂದರು. ಮೊದಲ ವಾರವೇ ಕೇಳಿದರು, ಬೋರ್ಡ್ ಎಲ್ಲಿ? ಬೋರ್ಡ್ ಹಾಕಿದರೆ ಜನ ಬರುವುದಿಲ್ಲ ಎಂದರು ಬಾಗಿಲಕ್ಕ. "ನಾವೇ ಬಚ್ಚಿಟ್ರೆ, ಇದು ನಾಚಿಕೆ ಪಡೋ ವಿಷಯ ಅಂತ ನಾವೇ ಹೇಳಿದ ಹಾಗಲ್ವಾ ಅಕ್ಕ?" ಎಂದರು ಡಾಕ್ಟರಮ್ಮ.

ದೊಡ್ಡ ಬೋರ್ಡು ಬಂತು. ಮಾನಸಿಕ ಆರೋಗ್ಯ ವಿಭಾಗ. ಕೆಳಗೆ: ನಿದ್ದೆ ಬಾರದಿದ್ದರೆ, ಭಯವಾದರೆ, ಬೇಸರ ಬಿಡದಿದ್ದರೆ, ಕುಡಿತ ಬಿಡಲಾಗದಿದ್ದರೆ ಬನ್ನಿ. ಬೆಂಚುಗಳೂ ಬೇರೆಯಾದವು. ಅದಕ್ಕೂ ಮುಂಚಿನ ಸೋಮವಾರ ಬಂದವರು ಮೂವತ್ತೆಂಟು ಜನ. ಬೋರ್ಡು ಬಂದ ಸೋಮವಾರ ಹನ್ನೊಂದು. ಆಮೇಲಿನ ವಾರ ಒಂಬತ್ತು.

ನಾನು ಹೇಳಿರಲಿಲ್ಲವೇ ಎನ್ನಲು ಬಾಗಿಲಕ್ಕ ಬಾಯಿ ತೆರೆದಿದ್ದರು. ಆದರೆ ಆ ಒಂಬತ್ತರಲ್ಲಿ ಐದು ಜನ ಹೊಸಬರು. ಅವರಲ್ಲೊಬ್ಬಳು ಇದೇ ಆಸ್ಪತ್ರೆಯ ಎಕ್ಸ್‌ರೇ ಕಡೆ ಕಸ ಗುಡಿಸುವವಳು. ಹೆರಿಗೆಯಾದಾಗಿನಿಂದ ಆರು ವರ್ಷ, ಬದುಕುವುದೇ ಬೇಡವೆನಿಸಿಕೊಂಡು ಓಡಾಡಿದವಳು. ದಿನಾ ನಾಲ್ಕು ಸಲ ಈ ಬಾಗಿಲ ಮುಂದೆ ಹಾಯುತ್ತಿದ್ದಳು. "ಇದು ಸ್ಟೋರ್ ರೂಮು ಅಂದ್ಕೊಂಡಿದ್ದೆ ಅಕ್ಕಾ" ಎಂದಳು.

ಈ ಮಾತು ಹೇಳುವಾಗ ಬಾಗಿಲಕ್ಕ ನನ್ನ ಕಡೆ ನೋಡುವುದಿಲ್ಲ. ಮೇಲಂಗಿಯ ಗುಂಡಿ ತಿರುಗಿಸುತ್ತಾರೆ. "ಆರು ವರ್ಷ ನನ್ನ ಕಣ್ಣ ಮುಂದೇನೇ ಗುಡಿಸಿದಾಳೆ. ಹಾಗಾದ್ರೆ ನಾನು ಬಚ್ಚಿಟ್ಟಿದ್ದು ಯಾರಿಂದ? ಡಾಕ್ಟರಮ್ಮ ಹೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ. ಎರಡು ಸರಿ ಸೇರಿ ಒಂದು ತಪ್ಪಾಯ್ತು."

ಬರದೇ ನಿಂತವರಲ್ಲಿ ಲೆಕ್ಕದ ಟೀಚರ್ ಒಬ್ಬರಿದ್ದರು. ನಾಲ್ಕು ವರ್ಷದಿಂದ, ಎರಡು ತಿಂಗಳಿಗೊಮ್ಮೆ ತಪ್ಪದೆ ಬಂದು ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದವರು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದಿದ್ದರು. ಅಂಥವರಿಗೆ ಬಾಗಿಲಕ್ಕ ಫೋನ್ ಮಾಡಿದರೆ ಹೇಳುವುದು ಒಂದೇ ಮಾತು, "ನಿಮ್ಮ ಕನ್ನಡಕ ರೆಡಿ ಇದೆ." ಮನೆಯ ಬೇರೆ ಯಾರು ಎತ್ತಿದರೂ ಅಪಾಯವಿಲ್ಲ. ಟೀಚರ್ ಫೋನ್ ಆಫ್ ಆಗಿತ್ತು. ಮಾತ್ರೆ ಮುಗಿದು ಐದು ವಾರವಾಗಿತ್ತು. ರಿಜಿಸ್ಟರಿನಲ್ಲಿ ಬರೆಸಿದ ವಿಳಾಸ ಹುಡುಕಿದರೆ ಅದು ಅಂಚೆ ಕಚೇರಿಯದು. ("ನಮ್ಮ ರಿಜಿಸ್ಟರಿನಲ್ಲಿರೋ ಅರ್ಧ ಮನೆಗಳು ಭೂಮಿ ಮೇಲೇ ಇಲ್ಲ!")

ಆದರೆ ಟೀಚರ್, ಬಾಗಿಲಕ್ಕ ಇಬ್ಬರೂ ಒಂದೇ ಬಸ್ಸಿನಲ್ಲಿ ಓಡಾಡುವವರು. ನಾಲ್ಕು ವರ್ಷ ಒಬ್ಬರನ್ನೊಬ್ಬರು ನೋಡದವರಂತೆ ಕೂತಿದ್ದರು. ಟೀಚರ್ ಇಳಿಯುವುದು ನೀರಿನ ಟ್ಯಾಂಕ್ ನಿಲ್ದಾಣದಲ್ಲಿ ಎಂದು ಬಾಗಿಲಕ್ಕನಿಗೆ ಗೊತ್ತಿತ್ತು. ಒಂದು ಗುರುವಾರ ಮಧ್ಯಾಹ್ನ ತಾವೂ ಅಲ್ಲೇ ಇಳಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಿಯಮ ಮುರಿದು, ಲೆಕ್ಕದ ಟೀಚರ್ ಮನೆ ಯಾವುದೆಂದು ಕೇಳುತ್ತಾ ಹೋದರು.

ಬಾಗಿಲು ತೆರೆದದ್ದು ಗಂಡ. "ಯಾರು?"

"ಆಸ್ಪತ್ರೆಯಿಂದ ಬಂದೆ. ಟೀಚರಮ್ಮನ ಕನ್ನಡಕ ರೆಡಿಯಾಗಿದೆ, ತಗೊಂಡು ಹೋಗಿಲ್ಲ."

"ಅವಳು ಕನ್ನಡಕ ಹಾಕಲ್ವಲ್ಲ?"

"ಸಿಕ್ಕಿಬಿದ್ದೆ ನಾನು" ಎನ್ನುತ್ತಾರೆ ಬಾಗಿಲಕ್ಕ. "ಇಷ್ಟು ವರ್ಷ ಎಷ್ಟು ಜನಕ್ಕೆ ಇದೇ ಸುಳ್ಳು ಹೇಳಿದೀನಿ. ಅವರು ಕನ್ನಡಕ ಹಾಕ್ತಾರಾ ಅಂತ ಒಂದು ದಿನಾನೂ ಯೋಚನೆ ಮಾಡಿರ್ಲಿಲ್ಲ ನೋಡಿ."

ಗಂಡ ಒಂದು ಗಳಿಗೆ ಇವರ ನೀಲಿ ಮೇಲಂಗಿಯನ್ನು ನೋಡಿದರು. ಆಮೇಲೆ ಒಳಗೆ ಕೇಳಿಸುವಂತೆ ಗಟ್ಟಿಯಾಗಿ, "ಓ, ಕನ್ನಡಕಾನಾ! ಹೌದೌದು, ಹೇಳಿದ್ಲು" ಎಂದು ಹೊರಗೆ ಬಂದು ಬಾಗಿಲೆಳೆದುಕೊಂಡರು. ದನಿ ತಗ್ಗಿಸಿದರು. "ಹದಿನೈದು ದಿನದಿಂದ ಹಾಸಿಗೆ ಬಿಟ್ಟು ಎದ್ದಿಲ್ಲಮ್ಮ. ಮಾತ್ರೆ ಮುಗಿದಿದೆ. ಹೊಲಿಗೆ ಡಬ್ಬಿಯಲ್ಲಿ ಗುಂಡಿಗಳ ಕೆಳಗೆ ಇಡ್ತಾಳೆ. ಈಗ ಮಾತ್ರೆಯ ಖಾಲಿ ಹಾಳೆ ಮಾತ್ರ ಇದೆ."

"ನಿಮಗೆ ಗೊತ್ತಾ?"

"ಮೂರು ವರ್ಷದಿಂದ ಗೊತ್ತು. ಅವಳಾಗೇ ಹೇಳ್ಲಿ ಅಂತ ಕಾದೆ. ಹೇಳ್ಲಿಲ್ಲ. ಸರಿ, ನನಗೆ ಗೊತ್ತಿಲ್ಲ ಅನ್ನೋ ನೆಮ್ಮದಿನಾದ್ರೂ ಅವಳಿಗಿರ್ಲಿ ಅಂತ ಸುಮ್ಮನಾದೆ. ಈಗ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಗೊತ್ತಿತ್ತು ಅಂತ ಆಗಿಬಿಡುತ್ತೆ. ಕರ್ಕೊಂಡು ಹೋಗ್ದಿದ್ರೆ ಹೀಗಾಗಿದೆ. ನೀವೇ ಹೇಳಿ, ನಾನೇನು ಮಾಡ್ಲಿ?"

ಬಾಗಿಲಕ್ಕನಿಗೂ ಗೊತ್ತಾಗಲಿಲ್ಲ. ರೋಗಿಯ ಗುಟ್ಟನ್ನು ರೋಗಿಯ ಗಂಡನಿಂದ ಕಾಪಾಡುವುದು ಅವರ ಕೆಲಸ. ಗಂಡನ ಗುಟ್ಟನ್ನು ರೋಗಿಯಿಂದ ಕಾಪಾಡಬೇಕೋ ಬೇಡವೋ ಯಾರೂ ಹೇಳಿಕೊಟ್ಟಿರಲಿಲ್ಲ. ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂತರು. ಟೀಚರ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬಾಗಿಲಕ್ಕನ ಬಾಯಿಂದ ಮಾತು ತಾನಾಗಿ ಬಂದುಬಿಟ್ಟಿತು. "ಯಜಮಾನ್ರಿಗೆ ಗೊತ್ತಂತೆ ಟೀಚರಮ್ಮ. ಮೂರು ವರ್ಷದಿಂದ ಗೊತ್ತಂತೆ."

ಟೀಚರ್ ತಿರುಗಲಿಲ್ಲ. ಗೋಡೆಗೇ ಹೇಳುವವರಂತೆ ಕೇಳಿದರು. "ಹಾಗಾದ್ರೆ ಗುಂಡಿಗಳನ್ನ ಬಣ್ಣದ ಪ್ರಕಾರ ಜೋಡಿಸಿಡ್ತಾ ಇದ್ದದ್ದು ಇವರೇನಾ?"

ಬಾಗಿಲ ಹತ್ತಿರ ನಿಂತಿದ್ದ ಗಂಡ, "ಕೆದಕಿದ್ದು ಗೊತ್ತಾಗಬಾರ್ದು ಅಂತ" ಎಂದರು.

"ನಾನು ಯಾವತ್ತಾದ್ರೂ ಜೋಡಿಸಿಟ್ಟಿದ್ದೀನೇನ್ರೀ?" ಎಂದು ಟೀಚರ್ ಅತ್ತರು. ಆ ಅಳು ನಡುವೆ ಒಂದು ಸಲ ನಗುವಿನಂತೆ ಕೇಳಿಸಿತು ಎನ್ನುತ್ತಾರೆ ಬಾಗಿಲಕ್ಕ. ಖಾತ್ರಿಯಿಲ್ಲ.

ಮಾರನೇ ದಿನ ಶುಕ್ರವಾರ. ಗಂಡ ಹೆಂಡತಿ ಇಬ್ಬರೂ ಬಂದರು. ಟೀಚರ್ ಮತ್ತೆ ಶಾಲೆಗೆ ಹೋಗಲು ಎರಡೂವರೆ ತಿಂಗಳು ಹಿಡಿಯಿತು. ಈಗ ಎಂಟು ತಿಂಗಳಿಂದ ಪಾಠ ಮಾಡುತ್ತಿದ್ದಾರೆ. ಇದನ್ನೆಲ್ಲ ಬರೆಯಬಹುದೇ ಎಂದು ಅವರ ಮನೆಗೆ ಹೋಗಿ ಕೇಳಿದೆ. ಟೀಚರ್ ಗಂಡನ ಮುಖ ನೋಡಿದರು. ಗಂಡ ಇವರ ಮುಖ ನೋಡಿದರು. "ಬರೀರಿ" ಎಂದರು ಟೀಚರ್. "ಆದ್ರೆ ನಾನು ಕಲಿಸೋ ವಿಷಯ ಬದಲಾಯಿಸಿ." ಹಾಗಾಗಿ ಅವರು ಕಲಿಸುವುದು ಲೆಕ್ಕವಲ್ಲ. ಬಸ್ ನಿಲ್ದಾಣದ ಹೆಸರನ್ನೂ ಬದಲಿಸಿದ್ದೇನೆ. ಬಚ್ಚಿಡುವುದರ ವಿರುದ್ಧ ಬರೆಯಲು ಹೊರಟ ನಾನೇ ಹೀಗೆ ಬಚ್ಚಿಡುತ್ತಾ ಬರೆಯುತ್ತಿದ್ದೇನೆ. ಇದು ಸರಿಯೇ ಎಂದು ಬಾಗಿಲಕ್ಕನನ್ನು ಕೇಳಿದೆ. "ನನ್ನ ಕೇಳ್ತೀರಲ್ಲ!" ಎಂದರು.

ಈಗ ಒಂದು ಒಪ್ಪಂದವಾಗಿದೆ. ಬೋರ್ಡು ಇರುತ್ತದೆ, ಅದು ಡಾಕ್ಟರಮ್ಮನದು. ಬೆಂಚುಗಳು ಮತ್ತೆ ಕೂಡಿವೆ, ಅದು ಬಾಗಿಲಕ್ಕನದು. ಬೋರ್ಡು ನೋಡಿ ದೂರವಾದ ಇಪ್ಪತ್ತೇಳು ಹಳಬರಲ್ಲಿ ಹದಿನಾಲ್ಕು ಜನ ಮರಳಿದ್ದಾರೆ, ಹದಿಮೂರು ಜನ ಇಲ್ಲ. ಆ ಹದಿಮೂರು ಜನರ ಚೀಟಿ ಮೇಲಂಗಿಯ ಜೇಬಿನಲ್ಲಿದೆ. ಪ್ರತಿ ಮಂಗಳವಾರ ಫೋನ್ ಮಾಡುತ್ತಾರೆ. ಕನ್ನಡಕದ ಮಾತು ಬಿಟ್ಟಿದ್ದಾರೆ. "ನಿಜ ಹೇಳಿದ್ರೆ ಕಟ್ ಮಾಡ್ತಾರೆ. ಸುಳ್ಳು ಹೇಳಿದಾಗ ಒಬ್ಬರೂ ಕಟ್ ಮಾಡ್ತಿರ್ಲಿಲ್ಲ" ಎಂದು ನಿಟ್ಟುಸಿರು ಬಿಡುತ್ತಾರೆ.

ಹೊಸಬರು ಬಂದರೆ ಈಗ ಮೊದಲೇ ಕೇಳಿ ಬರೆದಿಡುತ್ತಾರೆ: ಫೋನ್ ಮಾಡಿದರೆ ಏನೆಂದು ಹೇಳಲಿ? ರಿಜಿಸ್ಟರಿನ ಆ ಅಂಕಣ ಓದುವುದೇ ಒಂದು ಸೊಗಸು. "ದರ್ಜಿ ಅನ್ನಿ." "ಗ್ಯಾಸ್ ಏಜೆನ್ಸಿ." "ಹಳೇ ಗೆಳತಿ." "ಫೋನೇ ಬೇಡ." ನಡುವೆ ಅಲ್ಲಲ್ಲಿ, "ಇದ್ದದ್ದು ಇದ್ದ ಹಾಗೆ ಹೇಳಿ." ಇಂಥವು ಈ ವರ್ಷ ಎಷ್ಟು ಎಂದು ನಾನು ಎಣಿಸಿದೆ. ನೂರ ಎಂಬತ್ತು ಹೊಸಬರಲ್ಲಿ ಹತ್ತೊಂಬತ್ತು. ಜಾಸ್ತಿಯೋ ಕಡಿಮೆಯೋ? ಬಾಗಿಲಕ್ಕ ತಲೆ ಕೆರೆದುಕೊಳ್ಳುತ್ತಾರೆ. "ಹೋದ ವರ್ಷ ಕೇಳಿರ್ಲೇ ಇಲ್ವಲ್ಲ, ಹೇಗೆ ಗೊತ್ತಾಗ್ಬೇಕು?"

ಇನ್ನು ಹನ್ನೊಂದು ತಿಂಗಳಿಗೆ ಅವರ ನಿವೃತ್ತಿ. ಬರುವ ಹೊಸ ಅಟೆಂಡರಿಗೆ ಏನು ಕಲಿಸುತ್ತೀರಿ ಎಂದು ಕೇಳಿದರೆ, ಕಲಿಸುವುದೇನು ಬಂತು, ತಮಗೇ ಇನ್ನೂ ಪೂರ್ತಿ ಬಂದಿಲ್ಲ ಎನ್ನುತ್ತಾರೆ. ಮೆಲ್ಲಗೆ ಕೇಳುವುದೊಂದನ್ನು ಮಾತ್ರ ಹೇಳಿಕೊಡಬಹುದಂತೆ.

ಕೊನೆಯ ದಿನ ನಾನು ಎದ್ದಾಗ ಅವರಾಗಿ ಪಡಸಾಲೆಯ ತುದಿಯವರೆಗೆ ಬಂದರು. ಪೇಪರಿನಲ್ಲಿ ಫೋಟೋ ಬೇಡ, ಹೆಸರು ಬೇಡ ಎಂದು ಮೊದಲೇ ಹೇಳಿದ್ದರು. ಮತ್ತೇನಾದರೂ ಹೇಳುವುದಿದೆಯೇ ಎಂದೆ.

"ನನ್ನ ಬಗ್ಗೆ ಕಡಿಮೆ ಬರೀರಿ. ಆ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಟೈಮು ಹಾಕಿಬಿಡಿ. ಸೋಮವಾರ, ಬುಧವಾರ, ಶುಕ್ರವಾರ, ಎಂಟು ಗಂಟೆಗೆ. ಎಂಟು ಅಂದ್ರೆ ಎಂಟೇ ಅಂತ ಏನಿಲ್ಲ. ಆರೂವರೆಗೇ ಬಂದಿರ್ತೀನಿ. ಮುಂಚೆ ಬಂದ್ರೂ ಬಾಗಿಲು ತೆಗೀತೀನಿ."